ಎಬಿ763 ಹುಟ್ಟಿದ ದಿನಾಂಕವಲ್ಲ

"ಇದು 1963ರದ್ದು, ಒಳಗೆ ಬರೆದೇ ಇದೆ ನೋಡಿ" ಎನ್ನುತ್ತಾ ಒಬ್ಬರು ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್ ಎಂಬ ಗಿಟಾರ್ ಆಂಪನ್ನು (ಆಂಪ್ಲಿಫೈಯರ್) ನನ್ನ ಮೇಜಿನ ಮೇಲಿಟ್ಟರು. ಪೆಟ್ಟಿಗೆಯ ಒಳಮೈಗೆ ಅಂಟಿಸಿದ ಟ್ಯೂಬ್ ಚಾರ್ಟಿನಲ್ಲಿ, ಅಂದರೆ ಯಾವ ಟ್ಯೂಬ್ (ವಾಲ್ವ್) ಎಲ್ಲಿ ಎಂದು ತೋರಿಸುವ ಚೀಟಿಯಲ್ಲಿ, ಎಬಿ763 ಎಂದಿತ್ತು. ಅದು ಸರ್ಕಿಟ್‌ನ ಹೆಸರು. 763 ಅಂದರೆ ಆ ನಕ್ಷೆಯ ತಿಂಗಳು, 1963ರ ಜುಲೈ. ಅದೇ ನಕ್ಷೆ ಇಟ್ಟುಕೊಂಡು ಆಮೇಲೆ ವರ್ಷಗಟ್ಟಲೆ ಆಂಪ್ ಮಾಡಿದ್ದಾರೆ.

ನೋಡಬೇಕಾದದ್ದು ಅದೇ ಚೀಟಿಯ ಮೇಲೆ ರಬ್ಬರ್ ಮುದ್ರೆಯಲ್ಲಿ ಒತ್ತಿದ ಎರಡು ಇಂಗ್ಲಿಷ್ ಅಕ್ಷರ. ಇದರಲ್ಲಿ ಓ ಮತ್ತು ಎಚ್ ಇದ್ದವು. ಮೊದಲ ಅಕ್ಷರ ವರ್ಷ. ಎ ಅಂದರೆ 1951, ಹದಿನೈದನೆಯದಾದ ಓ ಅಂದರೆ 1965. ಎರಡನೆಯದು ತಿಂಗಳು, ಎಚ್ ಅಂದರೆ ಆಗಸ್ಟ್.

ಚೀಟಿಯೊಂದನ್ನೇ ನಾನು ನಂಬುವುದಿಲ್ಲ. ಸರ್ಕಿಟ್ ಕೂರಿಸಿದ ಲೋಹದ ಚೌಕಟ್ಟನ್ನು (ಚಾಸಿ) ಹೊರತೆಗೆದೆ. (ನೀವು ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ನಷ್ಟು ಉಳಿದಿರಬಹುದು. ಅದನ್ನು ಇಳಿಸಿ, ಮೀಟರ್ ಇಟ್ಟು ನೋಡಿದ ಮೇಲೇ ನಾನೂ ಕೈ ಹಾಕುವುದು.) ಟ್ರಾನ್ಸ್‌ಫಾರ್ಮರ್ ಮೇಲೆ 606-5-21. 606 ಶುಮಾಕರ್ ಕಂಪನಿಯ ಸಂಖ್ಯೆ, 5 ವರ್ಷದ ಕೊನೆಯಂಕಿ, 21 ವಾರ. ಸದ್ದು ಹೆಚ್ಚುಕಡಿಮೆ ಮಾಡುವ ವಾಲ್ಯೂಮ್ ಪಾಟ್‌ನ ಬೆನ್ನಿಗೆ 1376517: 137 ಸಿಟಿಎಸ್ ಕಂಪನಿಯ ಸಂಖ್ಯೆ, 65 ಅಂದರೆ 1965, 17 ಅಂದರೆ ಹದಿನೇಳನೇ ವಾರ. ಒಂದೇ ಅಂಕಿಯ ವರ್ಷ ಬಂದಾಗ 1955ರದೋ 1965ರದೋ ಎಂಬ ಗೊಂದಲವನ್ನು ಆಂಪ್‌ನ ಮುಖವೇ ಬಗೆಹರಿಸುತ್ತದೆ. ಫೆಂಡರ್‌ನಲ್ಲಿ ಐವತ್ತರ ದಶಕದ್ದಾದರೆ ಟ್ವೀಡ್ ಬಟ್ಟೆ, ಅರವತ್ತರ ನಡುವಿನದಾದರೆ ಕಪ್ಪು ಪ್ಯಾನೆಲ್, 1968ರಿಂದ ಎಪ್ಪತ್ತರ ದಶಕದುದ್ದಕ್ಕೂ ಬೆಳ್ಳಿಬಣ್ಣದ್ದು.

ಬಿಡಿಭಾಗ ಹೇಳುವುದು ಇಷ್ಟೇ: ಆಂಪ್ ಆ ಭಾಗಕ್ಕಿಂತ ಹಳೆಯದಲ್ಲ. ಪಾಟ್‌ಗಳನ್ನು ಸಗಟಾಗಿ ಕೊಂಡು ದಾಸ್ತಾನಿಡುತ್ತಿದ್ದರು, ಕೆಲವು ವರ್ಷಗಟ್ಟಲೆ ಡಬ್ಬಿಯಲ್ಲೇ ಕೂತಿರುತ್ತಿದ್ದವು. ಹಾಗಾಗಿ ಮೂಲದಿಂದಲೂ ಇರುವ ಭಾಗಗಳ ಪೈಕಿ ತೀರಾ ಇತ್ತೀಚಿನದನ್ನೇ ಹಿಡಿಯಬೇಕು. ಮೂಲದ್ದೋ ಅಲ್ಲವೋ ಎಂಬುದನ್ನು ಬೆಸುಗೆ ಹೇಳುತ್ತದೆ. ಕಾರ್ಖಾನೆಯ ಬೆಸುಗೆ ಮಂಕಾಗಿ, ಅಕ್ಕಪಕ್ಕದ ಬೆಸುಗೆಗಳ ಬಣ್ಣಕ್ಕೇ ಹೊಂದಿಕೊಂಡಿರುತ್ತದೆ. ಈ ಆಂಪ್‌ನ ಸ್ಪೀಕರಿನ ಎರಡು ತಂತಿಗಳ ತುದಿ ಮಾತ್ರ ಮಿರಿಮಿರಿ ಮಿಂಚುತ್ತಿತ್ತು; ಸ್ಪೀಕರಿನ ಲೋಹದ ಚೌಕಟ್ಟಿನ (ಬುಟ್ಟಿಯ) ಅಂಚಿನಲ್ಲಿ 1377234. ಅಂದರೆ 1972ರ ಸ್ಪೀಕರ್, ಯಾರೋ ಬದಲಿಸಿದ್ದಾರೆ.

ಉಳಿದ ಲಕ್ಷಣಗಳೆಲ್ಲ ಸರಿಯಿದ್ದವು: ಔಟ್‌ಪುಟ್‌ಗೆ ಎರಡು 6ವಿ6 ಟ್ಯೂಬ್, ಎಸಿ ವಿದ್ಯುತ್ತನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಜಿಜೆಡ್34, ಪೆಟ್ಟಿಗೆಯ ತಳದಲ್ಲಿ ಪ್ರತಿಧ್ವನಿಯಂಥ ಸದ್ದು ಕೊಡುವ ರಿವರ್ಬ್‌ನ ಸ್ಪ್ರಿಂಗ್ ತಟ್ಟೆ. ಪ್ಯಾನೆಲ್ ಮೇಲೆ 'ವೈಬ್ರಾಟೊ' ಎಂದಿದೆಯಲ್ಲ, ಅದು ನಿಜವಾಗಿ ಟ್ರೆಮೊಲೊ. ಏರಿಳಿಯುವುದು ಸದ್ದು, ಶ್ರುತಿಯಲ್ಲ. ಆ ಹೆಸರು ಕಂಪನಿಯೇ ಇಟ್ಟದ್ದು, ನಕಲಿ ಎಂದು ಗಾಬರಿಯಾಗಬೇಕಿಲ್ಲ.

ಎರಡು ವರ್ಷ ಕಡಿಮೆಯಾಯಿತೆಂದು ಅವರ ಮುಖ ಸಣ್ಣಗಾಯಿತು. "ಹಳೇ ಸ್ಪೀಕರ್ ಎಲ್ಲಾದರೂ ಇದೆಯಾ?" ಎಂದು ಕೇಳಿದೆ. "ಆಂಪ್ ಜೊತೆ ಹರಿದದ್ದೊಂದು ಬಂದಿತ್ತು, ಎಸೆದಿಲ್ಲ ಅನಿಸುತ್ತೆ" ಎಂದರು. ಮರುವಾರ ಹಳೇ ಪತ್ರಿಕೆಯಲ್ಲಿ ಸುತ್ತಿ ತಂದರು. ಕೋನ್ ಚಿಂದಿಯಾಗಿತ್ತು. ಬುಟ್ಟಿಯ ಧೂಳು ಒರೆಸಿದರೆ 465-528: ಆಕ್ಸ್‌ಫರ್ಡ್ ಕಂಪನಿ, 1965, ಇಪ್ಪತ್ತೆಂಟನೇ ವಾರ. ಚೀಟಿಯ ಮುದ್ರೆಗಿಂತ ತಿಂಗಳೊಪ್ಪತ್ತು ಮುಂಚಿನದು.