ಆನೆ ಎಷ್ಟು ದೂರದಲ್ಲಿತ್ತು? ಕ್ಯಾಮೆರಾ ನಿಂತ ಜಾಗದ ಲೆಕ್ಕ

ಕೊಡಗಿನಲ್ಲಿ ವಾಟ್ಸಾಪ್ ಇಟ್ಟುಕೊಂಡವರಿಗೆಲ್ಲ ಈ ಥರದ ವಿಡಿಯೊ ಒಮ್ಮೆಯಾದರೂ ಬಂದಿರುತ್ತದೆ. ಕಾಫಿ ತೋಟದ ನಡುವಿನ ರಸ್ತೆ. ಒಬ್ಬರು ನಡೆದು ಬರುತ್ತಿದ್ದಾರೆ. ಅವರ ಬೆನ್ನಿಗೇ ಅಂಟಿಕೊಂಡಂತೆ ಒಂದು ಸಲಗ. ನೋಡಿದವರ ಎದೆ ಧಸಕ್ ಅನ್ನುತ್ತದೆ. ಆದರೆ ಆನೆ ನಿಜಕ್ಕೂ ಎಷ್ಟು ದೂರದಲ್ಲಿತ್ತು? ಆ ಒಂದು ಶಾಟ್ ನೋಡಿ ಹೇಳುವುದು ಕಷ್ಟ. ಕ್ಯಾಮೆರಾ ಎಲ್ಲಿ ನಿಂತಿತ್ತು ಅನ್ನುವುದು ಮೊದಲು ಗೊತ್ತಾಗಬೇಕು.

ಲೆಕ್ಕ ಹಾಕಿ ನೋಡೋಣ. ಮನುಷ್ಯನ ಎತ್ತರ 1.6 ಮೀಟರ್, ಆನೆಯದ್ದು 3 ಮೀಟರ್ ಅಂತಿಟ್ಟುಕೊಳ್ಳಿ. ಇಬ್ಬರ ನಡುವೆ 40 ಮೀಟರ್ ಅಂತರ. ಕ್ಯಾಮೆರಾ ಮನುಷ್ಯನಿಂದ 10 ಮೀಟರ್ ದೂರದಲ್ಲಿದ್ದರೆ ಆನೆ 50 ಮೀಟರ್ ದೂರದಲ್ಲಿರುತ್ತದೆ, ಅಂದರೆ ಐದು ಪಟ್ಟು. ಹಾಗಾಗಿ ಆನೆ ಐದನೇ ಒಂದು ಭಾಗಕ್ಕೆ ಕುಗ್ಗಿ, ಆ ಮನುಷ್ಯನ ಪಕ್ಕದಲ್ಲಿಟ್ಟ 60 ಸೆಂಟಿಮೀಟರಿನ ವಸ್ತುವಿನಂತೆ ಕಾಣುತ್ತದೆ. ಅವರ ಸೊಂಟದ ಎತ್ತರಕ್ಕೂ ಬರುವುದಿಲ್ಲ. ಈಗ ಕ್ಯಾಮೆರಾವನ್ನು ಮನುಷ್ಯನಿಂದ 200 ಮೀಟರ್ ದೂರಕ್ಕೆ ಒಯ್ದು, ಟೆಲಿ ಲೆನ್ಸ್ (ದೂರದ್ದನ್ನು ದೊಡ್ಡದಾಗಿ ತೋರಿಸುವ ಲೆನ್ಸ್) ಹಾಕಿ ಮನುಷ್ಯನನ್ನು ಮೊದಲಿನಷ್ಟೇ ದೊಡ್ಡದಾಗಿ ತೋರಿಸಿ. ಆನೆ ಈಗ 240 ಮೀಟರ್ ದೂರದಲ್ಲಿದೆ. 200ಕ್ಕೂ 240ಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಆನೆ ಎರಡೂವರೆ ಮೀಟರ್ ಎತ್ತರಕ್ಕೆ, ಮನುಷ್ಯನ ತಲೆಯನ್ನೂ ಮೀರಿ ಎದ್ದು ನಿಲ್ಲುತ್ತದೆ. ಇಬ್ಬರೂ ನಿಂತಲ್ಲೇ ನಿಂತಿದ್ದಾರೆ. ಜಾಗ ಬದಲಾಯಿಸಿದ್ದು ಕ್ಯಾಮೆರಾ ಮಾತ್ರ.

ಟೆಲಿ ಲೆನ್ಸ್ ದೂರವನ್ನು ಒತ್ತಿ ಚಪ್ಪಟೆ ಮಾಡುತ್ತದೆ ಅಂತ ಹೇಳುವುದು ರೂಢಿ. ಅದು ಪೂರ್ತಿ ಸರಿಯಲ್ಲ. ಒಂದೇ ಜಾಗದಲ್ಲಿ ನಿಂತು ಅಗಲ ನೋಟ ಹಿಡಿಯುವ ವೈಡ್ ಲೆನ್ಸಿನಲ್ಲಿ ಒಂದು, ಟೆಲಿ ಲೆನ್ಸಿನಲ್ಲಿ ಒಂದು ಫೋಟೊ ತೆಗೆಯಿರಿ. ವೈಡ್ ಫೋಟೊದ ನಡುಭಾಗ ಕತ್ತರಿಸಿ ದೊಡ್ಡದು ಮಾಡಿದರೆ, ಹಿಂದಿನ ವಸ್ತು, ಮುಂದಿನ ವಸ್ತುಗಳ ಅಳತೆ ಎರಡರಲ್ಲೂ ಒಂದೇ ಇರುತ್ತದೆ. ಲೆನ್ಸ್ ಆರಿಸುವುದು ಎಷ್ಟು ಭಾಗ ಕಾಣಬೇಕು ಅನ್ನುವುದನ್ನು. ಯಾವುದು ಯಾವುದಕ್ಕಿಂತ ದೊಡ್ಡದಾಗಿ ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ಕ್ಯಾಮೆರಾ ನಿಂತ ಜಾಗ.

ಸಾಕ್ಷ್ಯಚಿತ್ರದ ಶಾಟ್‌ಗಳ ಬಗ್ಗೆ ಹೇಳಿಕೊಡುವಾಗ ಈ ಮಾತು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಜಾಗ ಪೂರ್ತಿ ಕಂಡರೆ ವೈಡ್ ಶಾಟ್, ಸೊಂಟದಿಂದ ಮೇಲೆ ಕಂಡರೆ ಮಿಡ್ ಶಾಟ್, ಮುಖ ತುಂಬಿಕೊಂಡರೆ ಕ್ಲೋಸ್-ಅಪ್. ಹೆಸರುಗಳೆಲ್ಲ ಫ್ರೇಮಿನಲ್ಲಿ ಏನು ಎಷ್ಟು ದೊಡ್ಡದಾಗಿದೆ ಅಂತ ಹೇಳುತ್ತವೆ. ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಅಂತ ಹೇಳುವುದಿಲ್ಲ. ಒಂದೇ ಮಿಡ್ ಶಾಟನ್ನು 2 ಮೀಟರಿನಿಂದಲೂ ತೆಗೆಯಬಹುದು, 50 ಮೀಟರಿನಿಂದಲೂ ತೆಗೆಯಬಹುದು. ನೋಡುವವರಿಗೆ ಎರಡೂ ಬೇರೆ ಬೇರೆ ಸತ್ಯ ಹೇಳುತ್ತವೆ.

ಕಾಡಾನೆಯ ಹತ್ತಿರ ಹೋಗಿ ಶೂಟ್ ಮಾಡುವಂತಿಲ್ಲ, ಮಾಡಲೂಬಾರದು. ಟೆಲಿ ಲೆನ್ಸ್ ಬೇಕೇ ಬೇಕು. ಆದರೆ ಆ ಶಾಟಿನ ಜೊತೆ ಪಕ್ಕದ ದಿಬ್ಬದಿಂದಲೋ ಮನೆಯ ತಾರಸಿಯಿಂದಲೋ ಒಂದು ವೈಡ್ ಶಾಟ್ ಇರಲಿ. ಅಡ್ಡದಿಂದ ನೋಡಿದಾಗ ಆನೆಗೂ ಮನುಷ್ಯನಿಗೂ ನಡುವಿನ ಅಂತರ ಇದ್ದ ಹಾಗೆ ಕಾಣುತ್ತದೆ. ಆನೆ ಮತ್ತು ತೋಟದವರ ಸಂಬಂಧ ಈಗಾಗಲೇ ಬಿಗಿಯಾಗಿರುವ ಜಿಲ್ಲೆ ಇದು. ಇಲ್ಲಿ ಆ ಒಂದು ವೈಡ್ ಶಾಟ್ ಬಿಡುವುದು ನನ್ನ ಪ್ರಕಾರ ಸಣ್ಣ ತಪ್ಪಲ್ಲ.

ಹಾಗಾದರೆ ಒಂದೇ ವಿಷಯವನ್ನು ಹತ್ತಿರದಿಂದ, ದೂರದಿಂದ ಅಂತ ತುಂಡು ತುಂಡಾಗಿ ತೋರಿಸುವುದೇ ಯಾಕೆ? ನಮ್ಮ ಕಣ್ಣು ನೋಡುವುದೇ ಹಾಗೆ. ಕಣ್ಣಿನ ಒಳಪರದೆಯಾದ ರೆಟಿನಾದ ನಡುವೆ ಫೋವಿಯಾ ಅನ್ನುವ ಪುಟ್ಟ ಜಾಗ ಇದೆ. ಅತಿ ಸ್ಪಷ್ಟವಾಗಿ ಕಾಣುವುದು ಅಲ್ಲಿ ಬೀಳುವ ಭಾಗ ಮಾತ್ರ, ಹೆಚ್ಚೆಂದರೆ 2 ಡಿಗ್ರಿ. ಕೈ ಪೂರ್ತಿ ಚಾಚಿದಾಗ ನಿಮ್ಮ ಹೆಬ್ಬೆರಳು ಕಾಣುವಷ್ಟು ಅಗಲ, ಅಷ್ಟೇ. ಉಳಿದದ್ದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತಾ ಇರುತ್ತದೆ. ಆ ನೆಗೆತದ ಹೊತ್ತಿನಲ್ಲಿ ಕಂಡದ್ದನ್ನು ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಫಿ ಕುಯ್ಯುವವರ ಪೂರ್ತಿ ನೋಟದಿಂದ ಅವರ ಬೆರಳುಗಳ ಕ್ಲೋಸ್-ಅಪ್‌ಗೆ ಕಟ್ ಮಾಡಿದರೂ ನಮಗೆ ಗಾಬರಿ ಆಗದಿರುವುದಕ್ಕೆ ಇದೂ ಒಂದು ಕಾರಣ. ನೋಡುವವರ ಕಣ್ಣು ಹೇಗೂ ಬೆರಳಿನ ಕಡೆಗೇ ಹೊರಟಿರುತ್ತದೆ.

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಒಂದು ಪ್ರಯೋಗ ಮಾಡಿ. ಎದುರಿನ ಬೆಟ್ಟಸಾಲನ್ನು ಎಡದಿಂದ ಬಲಕ್ಕೆ, ಎಲ್ಲೂ ನಿಲ್ಲದೆ, ನಯವಾಗಿ ಕಣ್ಣಾಡಿಸಲು ನೋಡಿ. ಆಗುವುದಿಲ್ಲ. ಕಣ್ಣು ತಡೆದು ತಡೆದು ಹಾರುತ್ತದೆ. ಈಗ ಹಾರುತ್ತಿರುವ ಒಂದು ಹಕ್ಕಿಯನ್ನು ಹಿಂಬಾಲಿಸಿ. ಕಣ್ಣು ಬೆಣ್ಣೆಯ ಹಾಗೆ ಜಾರುತ್ತದೆ! ಪ್ರವಾಸಕ್ಕೆ ಬಂದವರು ಮೊಬೈಲಿನಲ್ಲಿ ಬೆಟ್ಟವನ್ನು ಉದ್ದಕ್ಕೂ ಪ್ಯಾನ್ ಮಾಡಿದ, ಅಂದರೆ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುತ್ತಾ ತೆಗೆದ ವಿಡಿಯೊ ಬೇಗ ಬೇಸರ ತರಿಸುವುದು ಇದರಿಂದಲೂ ಇರಬೇಕು. ನಿಂತ ಬೆಟ್ಟಕ್ಕೆ ಟ್ರೈಪಾಡ್ ಮೇಲಿನ ನಿಶ್ಚಲ ಶಾಟ್ ಸಾಕು. ಪ್ಯಾನ್ ಮಾಡಲೇಬೇಕು ಅಂದರೆ ಹಿಂಬಾಲಿಸಲು ಏನಾದರೂ ಚಲಿಸುತ್ತಿರಲಿ.

ಮುಖದ ವಿಷಯಕ್ಕೆ ಬಂದರೆ ದೂರದ ಲೆಕ್ಕ ಇನ್ನೂ ಸೂಕ್ಷ್ಮ. ಮೊಬೈಲಿನ ಮುಖ್ಯ ಲೆನ್ಸ್ ವೈಡ್ ಆಗಿರುತ್ತದೆ. ಅದರಲ್ಲಿ ಕ್ಲೋಸ್-ಅಪ್ ಬೇಕು ಅಂದರೆ ಮುಖದ ಹತ್ತಿರಕ್ಕೇ ಹೋಗಬೇಕು. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್. ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 42ರಲ್ಲಿದೆ. ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ಉಬ್ಬಿ ಕಾಣುತ್ತದೆ. 2 ಮೀಟರ್ ದೂರಕ್ಕೆ ಬಂದರೆ ಈ ವ್ಯತ್ಯಾಸ ನೂರಕ್ಕೆ ಆರು ಮಾತ್ರ. ನಾವು ಜನರ ಜೊತೆ ಕೂತು ಮಾತಾಡುವುದೂ ಹೆಚ್ಚುಕಡಿಮೆ ಅಷ್ಟೇ ದೂರದಿಂದ ಅಲ್ವಾ? ಅದಕ್ಕೇ ಆ ಮುಖ ನಮಗೆ ಸರಿ ಅನ್ನಿಸುತ್ತದೆ.

ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಜಗಲಿಯಲ್ಲಿ ಹಿರಿಯರನ್ನು ಮಾತಾಡಿಸುವಾಗ ಇನ್ನೊಂದು ತೊಡಕು. ಕಂಬಗಳ ನಡುವಿನ ಐಮರದ (ಕೂರುವ ಮರದ ಹಲಗೆಯ) ಮೇಲೆ ಅವರು ಕೂತಿರುತ್ತಾರೆ. ಬೆನ್ನ ಹಿಂದೆ ಬಿಸಿಲು ಬಿದ್ದ ಅಂಗಳ. ಒಳಗಿನಿಂದ ಶಾಟ್ ಇಟ್ಟರೆ ಅಂಗಳ ಬೆಳ್ಳಗೆ, ಮುಖ ಕಪ್ಪಗೆ. ನಮ್ಮ ಕಣ್ಣು ಎರಡನ್ನೂ ಸರಿದೂಗಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಅಷ್ಟು ಶಕ್ತಿ ಇಲ್ಲ. ಹಿರಿಯರನ್ನು ಎಬ್ಬಿಸಿ ಬೇರೆ ಕಡೆ ಕೂರಿಸಬೇಡಿ. ಕ್ಯಾಮೆರಾವನ್ನೇ ಜಗಲಿಯ ಉದ್ದಕ್ಕೆ, ಒಂದು ತುದಿಗೆ ತನ್ನಿ. ಅಂಗಳದ ಬೆಳಕು ಕೆನ್ನೆಯ ಒಂದು ಬದಿಗೆ ಬೀಳುತ್ತದೆ, ಸುಕ್ಕುಗಳೆಲ್ಲ ಎದ್ದು ಕಾಣುತ್ತವೆ. ಲೆನ್ಸ್ ಅವರ ಕಣ್ಣಿನ ಮಟ್ಟದಲ್ಲಿರಲಿ. ನಿಂತುಕೊಂಡು ಮೇಲಿನಿಂದ ತೆಗೆದರೆ ಮನೆಯ ಹಿರಿಯರು ಸಣ್ಣವರಾಗಿ ಕಾಣುತ್ತಾರೆ.

ಎಕ್ಸ್‌ಟ್ರೀಮ್ ಕ್ಲೋಸ್-ಅಪ್ ನಿಜಕ್ಕೂ ಬೇಕಾಗುವುದು ಮಾರ್ಚ್-ಏಪ್ರಿಲ್‌ನಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಅದರ ವೈಡ್ ಶಾಟ್ ಯಾರು ತೆಗೆದರೂ ಚೆನ್ನಾಗಿಯೇ ಬರುತ್ತದೆ. ಆದರೆ ನಡೆಯುವ ಕೆಲಸ ಅದರಲ್ಲಿ ಕಾಣುವುದಿಲ್ಲ. ರೋಬಸ್ಟಾ ಜಾತಿಯ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಗಾಳಿ, ಹೆಜ್ಜೇನು, ತುಡುವೆ ಜೇನು ಅದನ್ನು ತಂದುಕೊಡುತ್ತವೆ. ಇದನ್ನು ತೋರಿಸಲು ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಮ್ಯಾಕ್ರೊ ಲೆನ್ಸ್ ಬೇಕು. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ವಸ್ತುವಿನ ನಿಜ ಅಳತೆಯಷ್ಟೇ ಬಿಂಬ ಸೆನ್ಸರಿನ ಮೇಲೆ ಬೀಳುವಂತೆ ಇಟ್ಟು, ಬೆಳಕು ಒಳಬರುವ ಕಿಂಡಿಯಾದ ಅಪರ್ಚರನ್ನು ಎಫ್ 8ಕ್ಕೆ ಕಿರಿದು ಮಾಡಿದರೂ ಫೋಕಸ್ ಇರುವ ಆಳ ಸುಮಾರು 1 ಮಿಲಿಮೀಟರ್. ಜೇನಿನ ಕಾಲು ಸ್ಪಷ್ಟವಾದರೆ ಕಣ್ಣು ಮಸುಕು. ಸುಮ್ನೆ ಒಂದು ಗಾಳಿ ಬೀಸಿದರೂ ಎಲ್ಲ ಹೋಯಿತು. ಗಾಳಿ ಏಳುವ ಮೊದಲು, ಬೆಳಗ್ಗೆ ಬೇಗ ಹೋಗುವುದೇ ದಾರಿ.

ಮಳೆಯ ಶಾಟಿಗೂ ಕ್ಯಾಮೆರಾದ ಜಾಗವೇ ಮುಖ್ಯ. ಕೊಡಗಿನ ಜುಲೈ ಮಳೆಯಲ್ಲಿ ತೊಪ್ಪೆಯಾಗಿ ತೆಗೆದ ವೈಡ್ ಶಾಟಿನಲ್ಲೂ ಮಳೆ ಕಾಣದೆ ಬೇಜಾರಾಗುವುದುಂಟು. ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿದ್ದರೆ ಅಷ್ಟರಲ್ಲಿ 18 ಸೆಂಟಿಮೀಟರ್ ಜಾರಿರುತ್ತದೆ. ನೀರು ಮೊದಲೇ ಪಾರದರ್ಶಕ, ಅದು ಗೆರೆಯಾಗಿ ಎಳೆದುಕೊಂಡರೆ ಬಿಳಿ ಆಕಾಶದ ಮುಂದೆ ಮಾಯವಾಗುತ್ತದೆ. ಬೆಳಕು ಹನಿಯ ಹಿಂಬದಿಯಿಂದ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಸಿಲ್ವರ್ ಓಕ್ ಮರಗಳ ನೆರಳಿನ ಕಡೆ ಕ್ಯಾಮೆರಾ ತಿರುಗಿಸಿದರೆ ಪ್ರತಿ ಗೆರೆಯೂ ಕಾಣುತ್ತದೆ.

ಕೊನೆಯದಾಗಿ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ. ಶಾಟ್‌ಗಳನ್ನು ಜೋಡಿಸುವಾಗ ಒಂದು ನಿಯಮ ಇದೆ: ನಡೆಯುತ್ತಿರುವವರ ದಿಕ್ಕಿಗೆ ಒಂದು ಗೆರೆ ಎಳೆದುಕೊಂಡು, ಕ್ಯಾಮೆರಾ ಅದರ ಒಂದೇ ಪಕ್ಕದಲ್ಲಿರಬೇಕು. ಗೆರೆ ದಾಟಿದರೆ ಎಡದಿಂದ ಬಲಕ್ಕೆ ಹೋಗುತ್ತಿದ್ದವರು ಮುಂದಿನ ಶಾಟಿನಲ್ಲಿ ಬಲದಿಂದ ಎಡಕ್ಕೆ ಹೋಗುತ್ತಾರೆ, ನೋಡುವವರಿಗೆ ದಿಕ್ಕು ತಪ್ಪುತ್ತದೆ. ಆದರೆ ಊರ ಮೈದಾನವಾದ ಮಂದ್‌ನಲ್ಲಿ ಕೋಲು ಹಿಡಿದು ಸುತ್ತುವವರಿಗೆ ನೇರ ಗೆರೆಯೇ ಇಲ್ಲ. ವೃತ್ತದ ಹೊರಗೆ ನಿಂತರೆ ಹತ್ತಿರದವರು ಒಂದು ಕಡೆಗೆ, ಆಚೆಯವರು ಇನ್ನೊಂದು ಕಡೆಗೆ ಹೋಗುತ್ತಿರುತ್ತಾರೆ. ಮೊದಲು ಎತ್ತರದಿಂದ ಒಂದು ವೈಡ್ ಶಾಟ್ ಕೊಟ್ಟು ವೃತ್ತವನ್ನು ಪೂರ್ತಿ ತೋರಿಸಿ. ಆಮೇಲೆ ಹೊರಗಿನಿಂದಾದರೆ ಹತ್ತಿರದ ಅರ್ಧವನ್ನು ಮಾತ್ರ ಹಿಡಿಯಿರಿ. ನಡುವೆ ನಿಂತರೆ ಎಲ್ಲರೂ ಒಂದೇ ದಿಕ್ಕಿನಲ್ಲಿ ಎದುರಿಗೆ ಹಾದುಹೋಗುತ್ತಾರೆ, ಯಾವ ಮುಖಕ್ಕೆ ಕಟ್ ಮಾಡಿದರೂ ಹೊಂದುತ್ತದೆ. ಆದರೆ ಆ ದಿಕ್ಕು ಹೊರಗಿನ ಶಾಟಿನದ್ದಕ್ಕೆ ಉಲ್ಟಾ, ಹಾಗಾಗಿ ಎರಡನ್ನೂ ಬೆರೆಸಬೇಡಿ. ನಡುವೆ ಹೋಗುವ ಮೊದಲು ಊರಿನ ಹಿರಿಯರನ್ನು ಕೇಳಿ. ಬೇಡ ಅಂದರೆ ಹೊರಗಿನ ಅರ್ಧವೃತ್ತದಲ್ಲೇ ಇಡೀ ಕೋಲಾಟವನ್ನು ಚೆನ್ನಾಗಿ ಕಟ್ಟಬಹುದು.