ಎಣ್ಣೆಬಣ್ಣ ಆರುವುದಲ್ಲ, ಬಲಿಯುವುದು

ಕಾರವಾರದಲ್ಲಿ ನನ್ನ ಹತ್ತಿರ ಎಣ್ಣೆಬಣ್ಣ ಕಲಿಯಲು ಬರುವವರು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ಗಾಣದ ತೆಂಗಿನೆಣ್ಣೆ ಮನೇಲೇ ಇದೆ. ಅದನ್ನೇ ಹಾಕಿದ್ರೆ ಆಗೂದಿಲ್ವಾ?" ಲಿನ್ಸೀಡ್ ಎಣ್ಣೆಯ ಪುಟ್ಟ ಬಾಟಲಿಗೆ ಎಷ್ಟು ಬೆಲೆ ಅಂತ ಗೊತ್ತಾದ ಮೇಲೆ ಹೀಗೆ ಕೇಳುವುದು ಸಹಜ. ಒಳ್ಳೆಯ ಪ್ರಶ್ನೆಯೂ ಹೌದು. ಇದರ ಉತ್ತರ ಸರಿಯಾಗಿ ಹೊಕ್ಕರೆ ಅರ್ಧ ಪಾಠ ಮುಗಿದ ಹಾಗೆ.

ಅಡುಗೆಮನೆಗೆ ಹೋಗಿ ಎರಡು ಬಾಟಲಿ ಮುಟ್ಟಿ ನೋಡಿ. ಸೂರ್ಯಕಾಂತಿ ಎಣ್ಣೆ ಬಾಟಲಿಯ ಕತ್ತಿನ ಸುತ್ತ ಹಳೆಯ ಎಣ್ಣೆ ಅಂಟಂಟಾಗಿ ಹಿಡಿದಿರುತ್ತದೆ. ಉಗುರಿನಲ್ಲಿ ಕೆರೆಯಬೇಕು. ತೆಂಗಿನೆಣ್ಣೆ ಬಾಟಲಿಯ ಮೇಲೆ ಇಳಿದದ್ದು ಎಷ್ಟು ದಿನ ಆದರೂ ಎಣ್ಣೆಯೇ, ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಕೆಲವು ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿ ಪೊರೆಯಾಗುತ್ತವೆ. ಅಗಸೆ ಎಣ್ಣೆ, ಅಂದರೆ ಲಿನ್ಸೀಡ್, ಇದರಲ್ಲಿ ಮುಂದು. ತೆಂಗಿನೆಣ್ಣೆಗೆ ಆ ಗುಣವೇ ಇಲ್ಲ. ಅದರಲ್ಲಿ ಬರೆದ ಚಿತ್ರ ಯಾವತ್ತು ಮುಟ್ಟಿದರೂ ಕೈಗೆ ಹತ್ತುತ್ತದೆ.

ಜಲವರ್ಣದಲ್ಲಿ ನೀರು ಆರಿಹೋಗುತ್ತದೆ, ಬಣ್ಣ ಉಳಿಯುತ್ತದೆ. ಎಣ್ಣೆಬಣ್ಣದಲ್ಲಿ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಇದ್ದು ಬಲಿಯುತ್ತದೆ. ಟರ್ಪೆಂಟೈನ್ ಮಾತು ಬೇರೆ. ಅದು ಪೈನ್ ಮರದ ರಾಳದಿಂದ ಬಟ್ಟಿ ಇಳಿಸಿದ್ದು. ಬಣ್ಣವನ್ನು ತೆಳು ಮಾಡಿ, ತಾನು ಗಾಳಿಗೆ ಹಾರಿಹೋಗುತ್ತದೆ. ಮೀಡಿಯಂ ಅಂತ ನಾವು ಹೇಳುವುದು ಹೆಚ್ಚಾಗಿ ಇವೆರಡರ ಮಿಶ್ರಣವನ್ನೇ.

ಇಲ್ಲಿಂದಲೇ 'ಫ್ಯಾಟ್ ಓವರ್ ಲೀನ್' ಎಂಬ ನಿಯಮ ಹುಟ್ಟುತ್ತದೆ. ಎಣ್ಣೆ ಹೆಚ್ಚಿದಷ್ಟೂ ಪದರ ಬಲಿಯುವುದು ತಡ. ಅದಕ್ಕೇ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಜಾಸ್ತಿ. ಬೈತಖೋಲ ಬಂದರಿನ ಒಂದು ಚಿತ್ರ ನನ್ನ ಮನೆಯಲ್ಲಿದೆ, ನಾನು ಕಲಿಯುತ್ತಿದ್ದ ಕಾಲದ್ದು. ದೋಣಿಗಳ ನೆರಳಿಗೆ ಕಪ್ಪು ಬಣ್ಣವಾದ ಐವರಿ ಬ್ಲ್ಯಾಕ್‌ಗೆ ಎಣ್ಣೆ ಸುರಿದು ದಪ್ಪಗೆ ಹಚ್ಚಿದ್ದೆ. ಎರಡೇ ದಿನದಲ್ಲಿ ಅದರ ಮೇಲೆ ಟರ್ಪೆಂಟೈನ್‌ನಲ್ಲಿ ಕಲಸಿದ ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ಎಳೆದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಬಲಿಯುತ್ತದೆ. ಐವರಿ ಬ್ಲ್ಯಾಕ್ ತುಂಬಾ ತಡ. ಕೆಳಗಿನದು ಇನ್ನೂ ಮೆತ್ತಗಿರುವಾಗಲೇ ಮೇಲಿನದು ಬಿಗಿದುಕೊಂಡಿತು. ಈಗ ಆ ನೆರಳಿನ ತುಂಬ ಬಿರುಕು, ನೀರು ಬತ್ತಿದ ಕೆರೆಯ ತಳದ ಹಾಗೆ. ಹೊಸಬರಿಗೆ ನಿಯಮ ಹೇಳುವ ಮೊದಲು ಆ ಚಿತ್ರವನ್ನು ಕೈಗೆ ಕೊಡುತ್ತೇನೆ.

ಬರೀ ಬಟ್ಟೆಯ ಮೇಲೆ ಎಣ್ಣೆಬಣ್ಣ ಹಚ್ಚಬೇಡಿ. ಎಣ್ಣೆ ನೂಲಿಗೆ ಇಳಿದು ಅದನ್ನು ಪುಡಿಪುಡಿ ಮಾಡುತ್ತದೆ. ಜೆಸ್ಸೊ ಎಂಬ ಬಿಳಿ ತಳಬಣ್ಣವನ್ನು ಎರಡು ಕೈ ಬಳಿದು, ಒಣಗಿಸಿ, ಮರಳು ಕಾಗದದಲ್ಲಿ ಉಜ್ಜಿದರೆ ಸಾಕು. ಅಕ್ರಿಲಿಕ್, ಅಂದರೆ ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಅಂಟಿನ ಬಣ್ಣ, ಅದರ ಮೇಲೆ ಎಣ್ಣೆಬಣ್ಣ ನಿಲ್ಲುತ್ತದೆ. ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ.

ಬಣ್ಣಗಳ ಹೆಸರಿಗೆ ಹೆದರುವವರು ತುಂಬಾ ಜನ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೋಡಿದ್ದೀರಲ್ಲ? ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಗೀರಿ, ಒಳಗಿನ ಬಿಳಿ ಕಾಣಿಸಿದ್ದು. ಆ ಕೆಂಪು ಕಬ್ಬಿಣದ ಆಕ್ಸೈಡ್. ಟ್ಯೂಬಿನ ಮೇಲೆ ಇಂಡಿಯನ್ ರೆಡ್, ಬರ್ನ್ಟ್ ಸಿಯೆನ್ನಾ ಅಂತ ಇರುವುದೂ ಅದೇ ಕುಲದ್ದು. ಸಿಯೆನ್ನಾ ಹಳದಿ ಮಣ್ಣು. ಸುಟ್ಟರೆ ಹಂಚಿನ ಹಾಗೆ ಕೆಂಪಾಗುತ್ತದೆ, ಅದಕ್ಕೇ 'ಬರ್ನ್ಟ್'. ಜುಲೈಯಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲಿ ನಿಂತು ಮೋಡಕ್ಕೆ ಕಪ್ಪು ಟ್ಯೂಬ್ ಹುಡುಕಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಲಸಿ, ಬಿಳಿ ಸೇರಿಸಿ. ನೀಲಿ ಹೆಚ್ಚಾದರೆ ಮೋಡ, ಸಿಯೆನ್ನಾ ಹೆಚ್ಚಾದರೆ ಕೆಸರು ನೀರು. ಎರಡೂ ಅದೇ ಜೋಡಿ ಬಣ್ಣದಿಂದ ಬಂದದ್ದರಿಂದ ಚಿತ್ರದಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಗ್ಲೇಜ್ ಮತ್ತು ಸ್ಕಂಬ್ಲಿಂಗ್ ಎರಡನ್ನೂ ಕಲಿಯುವವರು ಗೊಂದಲ ಮಾಡಿಕೊಳ್ಳುತ್ತಾರೆ. ಬಲಿತ ಪದರದ ಮೇಲೆ ಪಾರದರ್ಶಕ ಬಣ್ಣವನ್ನು ಮೀಡಿಯಂನಲ್ಲಿ ತೆಳುವಾಗಿ ಹರಡಿದರೆ ಗ್ಲೇಜ್. ಬೆಳಕು ಅದನ್ನು ದಾಟಿ ಒಳಹೋಗಿ ವಾಪಸ್ ಬರುತ್ತದೆ, ಸಂಜೆಯ ಸದಾಶಿವಗಡ ಗುಡ್ಡದ ಕೆಂಪು ಹೀಗೇ ಸಿಗುತ್ತದೆ. ಸ್ಕಂಬ್ಲಿಂಗ್ ಅಂದರೆ ಗಾಢ ಪದರದ ಮೇಲೆ ತಿಳಿ ಬಣ್ಣವನ್ನು ಒಣ ಬ್ರಶ್ಶಿನಲ್ಲಿ ಸವರುವುದು. ಕೆಳಗಿನದು ಅಲ್ಲಲ್ಲಿ ಇಣುಕಬೇಕು. ಕೂರ್ಮಗಡದ ಮೇಲೆ ಮಳೆ ಬರುವಾಗ ದ್ವೀಪ ಅರ್ಧ ಅಳಿಸಿದ ಹಾಗೆ ಕಾಣುತ್ತದಲ್ವಾ? ಒಣಗಿದ ಕಡು ಹಸಿರಿನ ಮೇಲೆ ಬೂದು ಬಿಳಿಯ ಒಂದು ಸವರು, ಅಷ್ಟೇ. ಇಂಪಾಸ್ಟೊ ಅಂದರೆ ಬಣ್ಣವನ್ನು ದಪ್ಪಗೆ ನಿಲ್ಲಿಸುವುದು. ತೆರೆಯ ನೊರೆಗೆ ನೈಫಿನಲ್ಲಿ, ಅಂದರೆ ಬಣ್ಣ ಕಲಸುವ ಚಪ್ಪಟೆ ಚಾಕುವಿನಲ್ಲಿ, ಹಾಕಿ, ಉಳಿದ ಕಡೆ ಕೈ ಬಿಗಿ ಹಿಡಿಯಿರಿ.

ನಮ್ಮ ಮಳೆಗಾಲ ಎಣ್ಣೆಬಣ್ಣಕ್ಕೆ ಕಷ್ಟದ ಕಾಲ. ತೇವದಲ್ಲಿ ಪದರ ಬಲಿಯುವುದು ನಿಧಾನ, ಕ್ಯಾನ್ವಾಸಿನ ಹಿಂದೆ ಬೂಷ್ಟು ಬೇಗ. ಗೋಡೆಗೆ ತಾಗಿಸಿ ಇಡಬೇಡಿ, ಹಿಂದೆ ಗಾಳಿ ಆಡಲಿ. ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟರೆ ಲಿನ್ಸೀಡ್ ಕತ್ತಲಲ್ಲಿ ಹಳದಿಗೆ ತಿರುಗುತ್ತದೆ. ಹಾಗಾದರೆ ಹೆದರಬೇಡಿ, ಕೆಲವು ವಾರ ಬೆಳಕಿನಲ್ಲಿ ಇಟ್ಟರೆ ಹಳದಿ ಬಹಳಷ್ಟು ಇಳಿಯುತ್ತದೆ. ಮಳೆ ಅಂತ ಕಿಟಕಿ ಮುಚ್ಚಿ ಟರ್ಪೆಂಟೈನ್ ಬಳಸಬೇಡಿ. ಮತ್ತೊಂದು, ದಯವಿಟ್ಟು ಮರೆಯಬೇಡಿ: ಲಿನ್ಸೀಡ್ ಹತ್ತಿದ ಚಿಂದಿ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಬಲಿಯುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗೇ ಬೆಂಕಿ ಹತ್ತಬಹುದು. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ವಾರ್ನಿಶ್‌ಗೆ ಅವಸರ ಬೇಡ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಕೆಲಸ ನಡೆಯುತ್ತಿರುತ್ತದೆ. ತೆಳು ಚಿತ್ರಕ್ಕೂ ಆರು ತಿಂಗಳು, ದಪ್ಪಗಿದ್ದರೆ ವರ್ಷ. ಮಳೆಗಾಲದ ಚಿತ್ರವನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ. ಆಗ ಹತ್ತಿಯ ತುದಿಗೆ ಒಂದು ಹನಿ ಟರ್ಪೆಂಟೈನ್ ಹಾಕಿ ಚಿತ್ರದ ಮೂಲೆಯಲ್ಲಿ ಮೆಲ್ಲಗೆ ಸವರಿ. ಹತ್ತಿಗೆ ಬಣ್ಣ ಬಂದರೆ ಇನ್ನೂ ಒಂದೆರಡು ತಿಂಗಳು ಬಿಡಿ.