ಶಾಲೆಗೆ ಪ್ಯಾಡ್ ಸುಡುವ ಯಂತ್ರ ತಂದರೆ ಸಾಕಾ?

ಪ್ರಶ್ನೆ: ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಹುಡುಗಿಯರು ಬಳಸಿದ ಪ್ಯಾಡನ್ನು ಶೌಚಾಲಯದ ಕಿಟಕಿಯಿಂದ ಆಚೆ ಎಸೆಯುತ್ತಾರೆ. ಕೆಲವರು ಗುಂಡಿಗೇ ಹಾಕುತ್ತಾರೆ. ದಾನಿಯೊಬ್ಬರು ಪ್ಯಾಡ್ ಸುಡುವ ಯಂತ್ರ ಕೊಡಿಸ್ತೀನಿ ಅಂತಿದ್ದಾರೆ. ತೆಗೆದುಕೊಳ್ಳಬಹುದಾ?

ಉತ್ತರ: ಯಂತ್ರದ ಮಾತು ಆಮೇಲೆ ಆಡೋಣ. ನಿಮ್ಮ ಶೌಚಾಲಯದ ಪ್ರತಿ ಕೋಣೆಯ ಒಳಗೂ ಮುಚ್ಚಳವಿರುವ ಡಸ್ಟ್‌ಬಿನ್ ಇದೆಯಾ, ಮೊದಲು ಅದನ್ನು ನೋಡಿ. ಹೊರಗೆ ನಲ್ಲಿಯ ಹತ್ತಿರ ಇಟ್ಟರೆ ಆಗಲ್ಲ. ಚಿಲಕ ಹಾಕಿಕೊಂಡ ಮೇಲೆ ಕೈಗೆ ಸಿಗಬೇಕು. ಎಂಟನೇ ಕ್ಲಾಸಿನ ಹುಡುಗಿ ಬಳಸಿದ ಪ್ಯಾಡ್ ಹಿಡಿದುಕೊಂಡು ಎಲ್ಲರೆದುರು ನಡೆದು ಬರಬೇಕೆಂದರೆ ಬರುತ್ತಾಳಾ? ಅವಳಿಗೆ ಕಿಟಕಿಯೇ ಹತ್ತಿರ. ಯಂತ್ರವನ್ನು ವರಾಂಡದಲ್ಲಿ ಕೂರಿಸಿದರೂ ಇದೇ ಕಥೆ. ಆದ್ದರಿಂದ ಮಕ್ಕಳನ್ನು ಬೈಯಬೇಡಿ, ಬುಟ್ಟಿ ಇಡಿ.

ಬುಟ್ಟಿಯ ಪಕ್ಕ ಹಳೇ ಪೇಪರ್ ಕತ್ತರಿಸಿ ನೇತುಹಾಕಿ. ಪ್ಯಾಡನ್ನು ಒಳಮುಖವಾಗಿ ಸುರುಳಿ ಸುತ್ತಿ, ಪೇಪರಿನಲ್ಲಿ ಕಟ್ಟಿ ಹಾಕುವುದನ್ನು ಒಮ್ಮೆ ಮಾಡಿ ತೋರಿಸಿ. ಎಸೆಯುವ ಮುಂಚೆ ಪ್ಯಾಡ್ ತೊಳೆಯಬೇಕು ಎಂದು ಎಷ್ಟೋ ಮನೆಗಳಲ್ಲಿ ಹೇಳಿಕೊಟ್ಟಿರುತ್ತಾರೆ. ಬಟ್ಟೆಗೆ ಅದು ಸರಿ. ಅಂಗಡಿಯ ಪ್ಯಾಡಿಗೆ ಬೇಡ. ಅದರೊಳಗಿನ ಜೆಲ್ ನೀರು ಹೀರಿ ಉಬ್ಬುತ್ತದೆ, ಕಸದ ತೂಕ ಜಾಸ್ತಿಯಾಗುತ್ತದೆ. ಗುಂಡಿಗೆ ಹಾಕಿದಾಗ ಪೈಪು ಕಟ್ಟಿಕೊಳ್ಳುವುದಕ್ಕೂ ಇದೇ ಕಾರಣ. ಹೆಚ್ಚಿನ ಪ್ಯಾಡುಗಳಲ್ಲಿ ಮೇಲಿನ ಹೊದಿಕೆ, ಕೆಳಗಿನ ಹಾಳೆ ಎರಡೂ ಪ್ಲಾಸ್ಟಿಕ್. ಹಾಗಾಗಿ ಮಣ್ಣಿನಲ್ಲಿ ಹೂತರೂ ಕರಗುವುದಿಲ್ಲ.

ಇನ್ನು ಬುಟ್ಟಿ ಖಾಲಿ ಮಾಡುವವರು ಯಾರು? ಹೆಚ್ಚಿನ ಶಾಲೆಗಳಲ್ಲಿ ವ್ಯವಸ್ಥೆ ಮುರಿದು ಬೀಳುವುದು ಇಲ್ಲೇ. ಈ ಕೆಲಸ ಒಬ್ಬರ ಹೆಸರಿನಲ್ಲಿ ಇರಬೇಕು, ದಿನವೂ ಆಗಬೇಕು. ಅವರಿಗೆ ಗ್ಲೌಸ್, ಸಾಬೂನು ಕೊಡಬೇಕು, ಇದಕ್ಕೆಂದೇ ದುಡ್ಡು ಕೊಡಬೇಕು. ವಿದ್ಯಾರ್ಥಿನಿಯರಿಂದ ಇದನ್ನು ಮಾಡಿಸಲೇಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ವಿಷಯ ಎತ್ತಲು ಮುಜುಗರ ಬೇಡ. ಮುಟ್ಟಿನ ಮಾತು ಅಲ್ಲಿ ಆಡದಿದ್ದರೆ ಇನ್ನೆಲ್ಲಿ ಆಡುವುದು?

ನಿಮ್ಮ ಪಂಚಾಯಿತಿಯ ಸ್ವಚ್ಛ ವಾಹಿನಿ ಕಸದ ಗಾಡಿ ಬರುತ್ತಿದ್ದರೆ ಪೇಪರಿನಲ್ಲಿ ಕಟ್ಟಿದ ಪ್ಯಾಡನ್ನು ಬೇರೆ ಚೀಲದಲ್ಲಿಟ್ಟು, ಮೇಲೆ ಕೆಂಪು ಗುರುತು ಹಾಕಿ ಕೊಡಿ. ಪ್ಯಾಡನ್ನು ಸುತ್ತಿಯೇ ಕೊಡಬೇಕು, ತಯಾರಕರು ಅದಕ್ಕೆ ಕವರ್ ಒದಗಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಲಾಗಿತ್ತು. ಗಾಡಿಯಲ್ಲಿ ಬರುವವರು ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಕಸವನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ. ಅವರ ಕೈಗೆ ಬಿಚ್ಚಿದ ಪ್ಯಾಡ್ ಸಿಗಬಾರದು ಅಲ್ವಾ?

ಗಾಡಿಯೇ ಬರದ ಊರಾದರೆ ಯಂತ್ರದ ಬಗ್ಗೆ ಯೋಚಿಸಿ. ಪ್ಲಾಸ್ಟಿಕ್ ಕಡಿಮೆ ಬಿಸಿಯಲ್ಲಿ ಅರೆಬರೆ ಸುಟ್ಟರೆ ಡಯಾಕ್ಸಿನ್‌ನಂತಹ ವಿಷ ಹೊಗೆಯಲ್ಲಿ ಬರುತ್ತದೆ. ಆಸ್ಪತ್ರೆ ಕಸ ಸುಡುವ ಒಲೆಗೆ ಮೊದಲ ಕೋಣೆಯಲ್ಲಿ ಕನಿಷ್ಠ 800 ಡಿಗ್ರಿ ಸೆಲ್ಸಿಯಸ್, ಹೊಗೆ ಸುಡುವ ಎರಡನೇ ಕೋಣೆಯಲ್ಲಿ ಸುಮಾರು 1050 ಡಿಗ್ರಿ ಬೇಕೆಂಬ ನಿಯಮವಿದೆ. ಗೋಡೆಗೆ ನೇತುಹಾಕುವ ಪುಟ್ಟ ಪೆಟ್ಟಿಗೆ ಎಷ್ಟು ಬಿಸಿಯಾಗುತ್ತದೆ, ಅದಕ್ಕೆ ಪರೀಕ್ಷಾ ವರದಿ ಇದೆಯಾ ಎಂದು ಮಾರುವವರನ್ನೇ ಕೇಳಿ. ಒಂದು ಸಲಕ್ಕೆ ಎಷ್ಟು ಪ್ಯಾಡ್, ಬೂದಿ ತೆಗೆಯುವವರು ಯಾರು, ಕೆಟ್ಟರೆ ರಿಪೇರಿ ಯಾರದ್ದು, ಇವೂ ಮುಖ್ಯ. ಹೊಗೆ ಕೊಳವೆ ತರಗತಿಯ ಕಿಟಕಿಗಿಂತ ಎತ್ತರದಲ್ಲಿ, ದೂರದಲ್ಲಿ ಇರಲಿ. ಶೌಚಾಲಯದ ಹಿಂದೆ ಎಲೆಕಸದ ಜೊತೆ ಬೆಂಕಿ ಹಚ್ಚುವುದನ್ನಂತೂ ಇವತ್ತೇ ನಿಲ್ಲಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ದಾನಿಯವರಿಗೆ ಹೀಗೆ ಹೇಳುತ್ತಿದ್ದೆ: ಸರ್, ಸದ್ಯಕ್ಕೆ ಯಂತ್ರ ಬೇಡ. ಪ್ರತಿ ಕೋಣೆಗೆ ಕಾಲಲ್ಲಿ ಒತ್ತಿದರೆ ತೆರೆಯುವ ಬುಟ್ಟಿ, ಗಟ್ಟಿ ಚಿಲಕ, ನೀರಿನ ನಲ್ಲಿ ಮಾಡಿಸಿಕೊಡಿ. ದುಡ್ಡು ಉಳಿದರೆ ಬುಟ್ಟಿ ಖಾಲಿ ಮಾಡುವವರ ಒಂದು ವರ್ಷದ ಸಂಬಳಕ್ಕೆ ಕೊಡಿ.